ಬೇಸಿಗೆಯಲ್ಲಿ ಮನೆ ಮಾರೋದಾ? ಮೊದಲು ನಲ್ಲಿ ತಿರುಗಿಸಿ ನೋಡಿ

ಪ್ರಶ್ನೆ: ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ತಂದೆ 1988ರಲ್ಲಿ ಕಟ್ಟಿಸಿದ ಮನೆ ಇದೆ. 40×60 ಸೈಟು, ಬರೀ ಗ್ರೌಂಡ್ ಫ್ಲೋರ್, ಸುಮಾರು 1,500 ಚದರಡಿ ಕಟ್ಟಡ. ತಂದೆ ತೀರಿಕೊಂಡು ಎರಡು ವರ್ಷವಾಯಿತು, ವಿಲ್ ಬರೆದಿಲ್ಲ. ಅಮ್ಮ ಈಗ ಬೆಂಗಳೂರಿನಲ್ಲಿ ನಮ್ಮ ಜೊತೆ ಇದ್ದಾರೆ. ಅಣ್ಣ ಬೆಂಗಳೂರಲ್ಲೇ, ಅಕ್ಕ ಪುಣೆಯಲ್ಲಿ. ಮನೆಗೆ ಒಂದು ವರ್ಷದಿಂದ ಬೀಗ. ಮಕ್ಕಳಿಗೆ ರಜೆ ಇರುವಾಗ, ಏಪ್ರಿಲ್-ಮೇನಲ್ಲಿ, ಅಲ್ಲೇ ಉಳಿದು ಮಾರಿಬಿಡೋಣ ಅಂತ ಯೋಚನೆ. ಬ್ರೋಕರ್ ‘ಆರು ಲಕ್ಷ ಹಾಕಿ ಟೈಲ್ಸು, ಪೇಂಟು ಹೊಸದು ಮಾಡಿಸಿ, ರೇಟು ತಾನಾಗೇ ಏರುತ್ತೆ’ ಅನ್ನುತ್ತಾರೆ. ಅಣ್ಣ ‘ಈ ಬಿಸಿಲಲ್ಲಿ ಯಾರು ಮನೆ ನೋಡೋಕೆ ಬರ್ತಾರೆ, ದಸರಾ ಕಳೀಲಿ’ ಅನ್ನುತ್ತಾನೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರದ್ದೂ ಬೇಡ. ಬೇಸಿಗೆಯಲ್ಲೇ ಮಾರಿ, ಆದರೆ ಆರು ಲಕ್ಷ ಸುರಿಯಬೇಡಿ.

ನಾನು ಸಿವಿಲ್ ಎಂಜಿನಿಯರ್. ಬ್ಯಾಂಕುಗಳು ಸಾಲ ಕೊಡುವ ಮೊದಲು ಮನೆಗೆ ಬೆಲೆ ಕಟ್ಟಲು ಕಳಿಸುತ್ತವಲ್ಲ, ಆ ಕೆಲಸ ನನ್ನದು. ನಿಮ್ಮ ಮನೆಗೆ ನಾನು ಬಂದರೆ ಏನು ಮಾಡುತ್ತೇನೆ ಹೇಳುತ್ತೇನೆ, ಕೇಳಿ. ಬೆಲೆಯನ್ನು ಎರಡು ಭಾಗ ಮಾಡುತ್ತೇನೆ. 2,400 ಚದರಡಿ ನೆಲಕ್ಕೆ ಆ ಬೀದಿಯಲ್ಲಿ ನಡೆಯುತ್ತಿರುವ ರೇಟು. ಕಟ್ಟಡಕ್ಕೆ ಬೇರೆ ಲೆಕ್ಕ, ಅದರಲ್ಲಿ ವಯಸ್ಸಿನ ಸವಕಳಿ ಕಳೆಯಬೇಕು. ಅಂಥದ್ದೇ ಮನೆಯನ್ನು ಈಗ ಕಟ್ಟಲು ಚದರಡಿಗೆ 2,000 ರೂಪಾಯಿ ಅಂತ ಸುಮ್ನೆ ಲೆಕ್ಕಕ್ಕೆ ಹಿಡಿಯೋಣ. 30 ಲಕ್ಷ ಆಯಿತು. ಆರ್‌ಸಿಸಿ ಮನೆಗೆ 60 ವರ್ಷ ಆಯಸ್ಸು, ಕೊನೆಗೆ ಶೇ. 10ರಷ್ಟು ಬೆಲೆ ಉಳಿಯುತ್ತದೆ ಎಂದು ಇಟ್ಟುಕೊಂಡರೆ, 38 ವರ್ಷದ ಕಟ್ಟಡಕ್ಕೆ ನಾನು ಬರೆಯುವುದು ಸುಮಾರು 13 ಲಕ್ಷ. ನೀವು ಆರು ಲಕ್ಷದ ಟೈಲ್ಸು, ಪೇಂಟು ಮಾಡಿಸಿದ್ದೀರಿ ಅಂತ ಆ 13 ಲಕ್ಷ 19 ಆಗುವುದಿಲ್ಲ. ಕಂಬಿ, ಕಾಂಕ್ರೀಟು, ಪೈಪು ಎಲ್ಲದರ ವಯಸ್ಸೂ ಅಷ್ಟೇ ಇರುತ್ತದೆ.

ಇನ್ನೊಂದು ವಿಷಯ ಬ್ರೋಕರ್ ಹೇಳಿರಲಿಕ್ಕಿಲ್ಲ. ಕುವೆಂಪುನಗರದಂಥ ಹಳೆಯ ಬಡಾವಣೆಯಲ್ಲಿ 40×60 ಸೈಟಿನ ಒಂಟಿ ಮನೆ ನೋಡಲು ಬರುವವರಲ್ಲಿ ಎರಡು ಜಾತಿ. ಒಡೆದು ಹೊಸದು ಕಟ್ಟುವವರು ಒಂದು, ವಾಸಕ್ಕೆ ಬೇಕಾದವರು ಇನ್ನೊಂದು. ಒಡೆಯುವವರಿಗೆ ನಿಮ್ಮ ಟೈಲ್ಸು ಜೆಸಿಬಿಗೆ ಊಟ. ಅವರು ನೋಡುವುದು ರಸ್ತೆ ಅಗಲ, ದಿಕ್ಕು, ಕಾಗದಪತ್ರ. ವಾಸಕ್ಕೆ ಬರುವವರು ಹಳೆಯ ಮನೆ ಹುಡುಕಿಕೊಂಡು ಬರುವುದೇ ಅದು ಹಳೆಯದು ಅಂತ. ಎತ್ತರದ ಸೂರು, ತೇಗದ ಬಾಗಿಲು, ರೆಡ್ ಆಕ್ಸೈಡ್ ನೆಲ, ಸುತ್ತ ಒಂದಿಷ್ಟು ಜಾಗ. ಅದರ ಮೇಲೆ ಹೊಳೆಯುವ ಟೈಲ್ಸ್ ಕೂರಿಸಿದರೆ ಅವರೂ ಹೋದರು. ಇಬ್ಬರಿಗೂ ಬೇಡದ ಕೆಲಸಕ್ಕೆ ದುಡ್ಡು ಯಾಕೆ?

ಈಗ ಅಣ್ಣನ ಮಾತು. ಶಿವರಾತ್ರಿ ಕಳೆದರೆ ಚಳಿ ಶಿವಶಿವಾ ಅಂತ ಹೋಗುತ್ತದೆ, ನಿಜ. ಏಪ್ರಿಲ್ ಮಧ್ಯಾಹ್ನದ ಬಿಸಿಲಿಗೆ ಯಾರೂ ಬೀದಿಗೆ ಇಳಿಯುವುದಿಲ್ಲ, ಅದೂ ನಿಜ. ಆದರೆ ಮನೆ ವ್ಯಾಪಾರ ನಮ್ಮಲ್ಲಿ ಬಿಸಿಲು ನೋಡುವುದಿಲ್ಲ, ಪಂಚಾಂಗ ನೋಡುತ್ತದೆ. ಆಮೇಲೆ ಸ್ಕೂಲು ನೋಡುತ್ತದೆ. ಯುಗಾದಿ, ಅಕ್ಷಯ ತೃತೀಯ ಬರುವುದು ಈಗಲೇ. ಮಕ್ಕಳಿರುವವರು ಜೂನ್ ಹೊತ್ತಿಗೆ ಹೊಸ ಮನೆಯಲ್ಲಿ ಇರಬೇಕು ಅನ್ನುತ್ತಾರೆ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆದಮೇಲೆ ಬೆಂಗಳೂರಿನವರು ಶನಿವಾರ ಬೆಳಿಗ್ಗೆ ಹೊರಟು, ನಾಲ್ಕು ಮನೆ ನೋಡಿ, ಸಂಜೆ ವಾಪಸ್ ಹೋಗುತ್ತಾರೆ. ಮಕ್ಕಳ ರಜೆ ಅವರಿಗೂ ಇದೆಯಲ್ಲ. ಇದೆಲ್ಲ ಕಳೆದರೆ ಆಷಾಢ. ಆ ತಿಂಗಳು ಅತ್ತೆ-ಸೊಸೆಯೇ ಒಂದು ಹೊಸ್ತಿಲು ದಾಟಬಾರದು ಅನ್ನುವ ಊರು ನಮ್ಮದು. ಹೊಸ ಮನೆಯ ಹೊಸ್ತಿಲು ಯಾರು ದಾಟುತ್ತಾರೆ? ದಸರಾವರೆಗೆ ಕಾದರೆ ಮಳೆಗಾಲ ಪೂರ್ತಿ ಆ ಮನೆ ಬೀಗ ಹಾಕಿಕೊಂಡೇ ನೆನೆಯುತ್ತದೆ. ಬೀಗ ಹಾಕಿದ ಮನೆ ಒಂದು ಮಳೆಗಾಲದಲ್ಲಿ ಕೆಡುವಷ್ಟು, ಜನ ಇರುವ ಮನೆ ಐದು ವರ್ಷದಲ್ಲೂ ಕೆಡುವುದಿಲ್ಲ. ಇದು ನಾನು ಕಣ್ಣಾರೆ ನೋಡಿದ್ದು.

ಹಾಗಾಗಿ ನಿಮ್ಮ ಲೆಕ್ಕ ಹೀಗಿರಲಿ. ಏಪ್ರಿಲ್ ಮುಗಿಯುವುದರೊಳಗೆ ಕರಾರು, ಆಷಾಢ ಹಿಡಿಯುವುದರೊಳಗೆ ನೋಂದಣಿ. ಕೊಳ್ಳುವವರು ಬ್ಯಾಂಕ್ ಸಾಲ ತೆಗೆದುಕೊಂಡರೆ ವಕೀಲರ ಒಪೀನಿಯನ್ನು, ನನ್ನಂಥವನ ವರದಿ, ಮಂಜೂರಾತಿ ಎಲ್ಲ ಸೇರಿ ವಾರಗಟ್ಟಲೆ ಹಿಡಿಯುತ್ತದೆ. ಅದಕ್ಕೇ ಮಕ್ಕಳ ಪರೀಕ್ಷೆ ಮುಗಿಯಲಿ ಅಂತ ಕಾಯಬೇಡಿ. ಮಾರ್ಚ್‌ನಲ್ಲೇ ಒಂದು ಶನಿವಾರ-ಭಾನುವಾರ ನೀವೊಬ್ಬರೇ ಹೋಗಿ ಬನ್ನಿ.

ಹೋದ ತಕ್ಷಣ ಏನು ಮಾಡಬೇಕು? ಎಲ್ಲ ಬಚ್ಚಲಿಗೂ ಒಂದೊಂದು ಬಕೆಟ್ ನೀರು ಹುಯ್ಯಿರಿ. ತಮಾಷೆ ಅಲ್ಲ. ನೆಲದಲ್ಲಿ ನೀರು ಹೋಗುವ ಜಾಲರಿ ಇದೆಯಲ್ಲ, ಅದರ ಕೆಳಗೆ ನಹಾನಿ ಟ್ರ್ಯಾಪ್ ಅಂತ ಇರುತ್ತದೆ. ಅದರಲ್ಲಿ ಯಾವಾಗಲೂ ಒಂದಷ್ಟು ನೀರು ನಿಂತಿರಬೇಕು. ಒಳಚರಂಡಿಯ ಗಾಳಿ ಮೇಲೆ ಬರದ ಹಾಗೆ ತಡೆಯುವುದು ಆ ನೀರೇ. ಬೀಗ ಹಾಕಿದ ಮನೆಯಲ್ಲಿ, ಅದೂ ಬೇಸಿಗೆಯಲ್ಲಿ, ಅದು ಆರಿಹೋಗುತ್ತದೆ. ಆಗ ಮನೆಯೆಲ್ಲ ಗಬ್ಬು ನಾತ, ಜಿರಲೆ ಬೇರೆ. ಬಂದವರು ಮೂಗು ಮುಚ್ಚಿಕೊಂಡು ‘ಎಲ್ಲೋ ಡ್ರೈನೇಜ್ ಒಡೆದಿದೆ’ ಅಂದುಕೊಂಡು ಹೋಗುತ್ತಾರೆ. ಒಂದು ಬಕೆಟ್ ನೀರಿನ ವಿಷಯ! ಅಡುಗೆಮನೆ ಸಿಂಕಿಗೂ ಕಮೋಡಿಗೂ ಇದೇ ಮಾತು. ವಾರಕ್ಕೊಮ್ಮೆ ಹುಯ್ಯಲು ಪಕ್ಕದ ಮನೆಯವರಿಗೆ ಕೀ ಕೊಟ್ಟು ಬನ್ನಿ.

ಆಮೇಲೆ ನಲ್ಲಿ. ಬೇಸಿಗೆಯಲ್ಲಿ ಮನೆ ನೋಡಲು ಬಂದವರ ಕೈ ಮೊದಲು ಹೋಗುವುದು ನಲ್ಲಿಗೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರ್ ಹಿಂದೆ ಓಡಿದವರು ಅದನ್ನು ಇನ್ನೂ ಮರೆತಿಲ್ಲ. ಮೈಸೂರಿಗೆ ಕಾವೇರಿ, ಕಬಿನಿ ಎರಡರ ನೀರೂ ಬರುತ್ತದೆ, ಅದೇ ನಿಮ್ಮ ಮನೆಯ ದೊಡ್ಡ ಬಲ. ಆದರೆ ಬಂದವರು ನಲ್ಲಿ ತಿರುಗಿಸಿದಾಗ ಕಾಫಿ ಬಣ್ಣದ ನೀರು ಬಂದರೆ ಕಾವೇರಿ ಹೆಸರು ಹೇಳಿ ಏನು ಪ್ರಯೋಜನ? 1988ರ ಮನೆ ಅಂದರೆ ಗೋಡೆಯೊಳಗೆ ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪೇ ಇರಬೇಕು. ನೀರು ಓಡಾಡದೆ ನಿಂತರೆ ಒಳಗೆ ತುಕ್ಕು ಕಟ್ಟುತ್ತದೆ, ಮೊದಲ ಹತ್ತು-ಹದಿನೈದು ನಿಮಿಷ ಕೆಂಪು ನೀರೇ. ಜನ ಬರುವ ದಿನ ಬೆಳಿಗ್ಗೆಯೇ ಎಲ್ಲ ನಲ್ಲಿ ಬಿಟ್ಟು, ಆ ನೀರನ್ನು ಬಕೆಟ್‌ನಲ್ಲಿ ಹಿಡಿದು ಗಿಡಕ್ಕೆ ಹಾಕಿ. ಬಿಟ್ಟಮೇಲೂ ತಿಳಿಯಾಗದಿದ್ದರೆ ಪೈಪು ಹೋಗಿದೆ ಅಂತ ಅರ್ಥ. ಆಗ ಬದಲಾಯಿಸಲು ಹೋಗಬೇಡಿ, ಹಾಗೆಂದು ಹೇಳಿ ಬೆಲೆಯಲ್ಲಿ ಬಿಡಿ.

ಸಂಪು ಮತ್ತು ಮೇಲಿನ ಟ್ಯಾಂಕ್ ಎರಡನ್ನೂ ಒಂದೇ ದಿನ ತೊಳೆಸಿ. ಒಂದು ವರ್ಷದಿಂದ ನಿಂತ ನೀರಿನ ತಳದಲ್ಲಿ ಕೆಸರು ಇದ್ದೇ ಇರುತ್ತದೆ. ಬೋರ್ ಇದ್ದರೆ ಪಂಪ್ ಹಾಕಿ 20 ಲೀಟರಿನ ಬಕೆಟ್ ಎಷ್ಟು ಸೆಕೆಂಡಿಗೆ ತುಂಬುತ್ತದೆ ನೋಡಿ, ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ. ಎರಡೂ ಸಲ ಒಂದೇ ಆದರೆ ಆ ವಿಡಿಯೊ ಮೊಬೈಲಿನಲ್ಲಿ ಇರಲಿ. ಏಪ್ರಿಲ್‌ನಲ್ಲಿ ಬರುವ ನೀರು ಅಂದರೆ ವರ್ಷವಿಡೀ ಬರುವ ನೀರು ಅಂತ ಕೊಳ್ಳುವವರಿಗೂ ಗೊತ್ತು. ಇನ್ನೊಂದು ಮಾತು, ಸಂಪಿನ ಮುಚ್ಚಳಕ್ಕೆ ಬೀಗ ಇರಲಿ. ರಜೆಯಲ್ಲಿ ಮನೆ ನೋಡಲು ಬರುವವರು ಮಕ್ಕಳನ್ನೂ ಕರೆತರುತ್ತಾರೆ. ದೊಡ್ಡವರು ಒಳಗೆ ಬೆಲೆ ಮಾತಾಡುವಾಗ ಮಕ್ಕಳು ಹಿತ್ತಲಲ್ಲಿ ಇರುತ್ತವೆ.

ದುಡ್ಡು ಖರ್ಚು ಮಾಡಲೇಬೇಕು ಅಂದರೆ ತಾರಸಿಗೆ ಮಾಡಿ. ಇಲ್ಲಿ ಬೇಸಿಗೆ ನಿಮಗೆ ಒಂದು ಅನುಕೂಲ, ಒಂದು ಆಸೆ ಎರಡನ್ನೂ ಒಡ್ಡುತ್ತದೆ. ಅನುಕೂಲ ಏನೆಂದರೆ ಕಾಂಕ್ರೀಟು ಪೂರ್ತಿ ಒಣಗಿರುತ್ತದೆ, ಸೋರಿಕೆ ಸರಿಮಾಡಲು ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಆಸೆ ಏನೆಂದರೆ ಸೋರಿಕೆ ಈಗ ಕಾಣುವುದಿಲ್ಲ. ಸೂರಿನ ಮೇಲೆ ಚಹಾ ಚೆಲ್ಲಿದಂಥ ಒಂದು ಕಲೆ, ಗೋಡೆಯ ಬುಡದಲ್ಲಿ ಬಿಳಿ ಉಪ್ಪು, ಅಷ್ಟೇ. ಎರಡು ಕೋಟ್ ಬಣ್ಣ ಬಳಿದರೆ ಮುಗೀತು ಅನ್ನಿಸುತ್ತದೆ.

ಹಾಗೆ ಅನ್ನಿಸಿಕೊಂಡವರ ಮನೆಗೆ ನಾನು ಹೋಗಿದ್ದೇನೆ. ಏಪ್ರಿಲ್‌ನಲ್ಲಿ ಕಲೆಯ ಮೇಲೆ ದಪ್ಪ ಟೆಕ್ಸ್ಚರ್ ಪೇಂಟ್ ಹೊಡೆಸಿ, ಕರಾರು ಮಾಡಿ, ಅಡ್ವಾನ್ಸ್ ಕೂಡ ತೆಗೆದುಕೊಂಡಿದ್ದರು. ಮೇ ತಿಂಗಳ ಒಂದು ಸಂಜೆ ಗುಡುಗು, ಆಲಿಕಲ್ಲು ಸೇರಿ ಒಂದು ಗಂಟೆ ಮಳೆ. ಮಾರನೆಯ ದಿನ ಬ್ಯಾಂಕ್ ಪರವಾಗಿ ನಾನು ಹೋದಾಗ ಹಾಲಿನ ಸೂರಿನಲ್ಲಿ ಮೊರದಗಲ ಪೇಂಟ್ ಗುಳ್ಳೆ ಎದ್ದು, ಒಳಗೆ ನೀರು ತುಂಬಿ ಜೋತಾಡುತ್ತಿತ್ತು. ಕೊಳ್ಳುವವರೂ ಪಕ್ಕದಲ್ಲೇ ನಿಂತಿದ್ದರು. ನಲವತ್ತು ಸಾವಿರದಲ್ಲಿ ಆಗುವ ರಿಪೇರಿಗೆ ನಾಲ್ಕು ಲಕ್ಷ ಇಳಿಸಬೇಕಾಯಿತು. ದುಡ್ಡು ಬಿಡಿ, ಅಲ್ಲಿಂದ ಮುಂದೆ ಆ ಮನೆಯವರ ಒಂದು ಮಾತನ್ನೂ ಆತ ನಂಬಲಿಲ್ಲ. ಕಾನೂನೂ ಇದೆ ಅನ್ನಿ. ನೋಡಿದರೆ ಗೊತ್ತಾಗದಂಥ ದೊಡ್ಡ ದೋಷ ಇದ್ದು, ಅದು ಮಾರುವವರಿಗೆ ಗೊತ್ತಿದ್ದರೆ, ಕೊಳ್ಳುವವರಿಗೆ ಹೇಳಬೇಕು ಅಂತ 1882ರ ಆಸ್ತಿ ವರ್ಗಾವಣೆ ಕಾಯ್ದೆಯಲ್ಲೇ ಇದೆ.

ಹಾಗಾದರೆ ಮಾಡುವುದೇನು? ತಾರಸಿ ಗುಡಿಸಿಸಿ. ಒಣಗಿದ ಎಲೆ ಮಳೆನೀರಿನ ಪೈಪಿನ ಬಾಯಿಗೆ ಕಟ್ಟಿರುತ್ತದೆ, ಅರ್ಧ ಸೋರಿಕೆಗೆ ಅದೇ ಕಾರಣ. ಬಿರುಕುಗಳನ್ನು ಅಗಲ ಮಾಡಿ, ಧೂಳು ತೆಗೆದು, ಪಾಲಿಮರ್ ಗಾರೆ ತುಂಬಿಸಿ, ಮೇಲೆ ಎರಡು ಕೋಟ್ ವಾಟರ್‌ಪ್ರೂಫಿಂಗ್ ಕೊಡಿಸಿ. ಸಿಮೆಂಟ್ ಬೆರೆತ ಕೋಟಿಂಗ್ ಆದರೆ ಮಟಮಟ ಮಧ್ಯಾಹ್ನ ಹಚ್ಚಲು ಬಿಡಬೇಡಿ. ಬೆಳಿಗ್ಗೆ ಎಂಟರೊಳಗೆ ಅಥವಾ ಐದರ ಮೇಲೆ ಹಚ್ಚಲಿ. ಕಾದ ತಾರಸಿ ಅದರ ನೀರನ್ನೆಲ್ಲ ಹೀರಿಬಿಟ್ಟರೆ ಪುಡಿಪುಡಿಯಾಗಿ ಏಳುತ್ತದೆ. ಆರಿದ ಮೇಲೆ ಅನುಮಾನ ಇರುವ ಕಡೆ ಸುತ್ತ ಮಣ್ಣಿನ ಕಟ್ಟೆ ಕಟ್ಟಿ, ಎರಡು ಇಂಚು ನೀರು ನಿಲ್ಲಿಸಿ, ಒಂದು ದಿನ ಬಿಟ್ಟು ಒಳಗಿನ ಸೂರು ನೋಡಿ. ಇಡೀ ತಾರಸಿಗೆ ನಿಲ್ಲಿಸಿ ನೀರು ದಂಡ ಮಾಡುವುದು ಬೇಡ. ಬಿಲ್ಲು, ಫೋಟೋ ಇಟ್ಟುಕೊಳ್ಳಿ. ‘ಇಲ್ಲಿ ಸೋರುತ್ತಿತ್ತು, ಹೀಗೆ ಮಾಡಿಸಿದ್ದೇವೆ, ಇದು ಬಿಲ್ಲು’ ಅಂತ ತೋರಿಸುವವರ ಜೊತೆ ಯಾರೂ ಜಾಸ್ತಿ ಚೌಕಾಸಿ ಮಾಡುವುದಿಲ್ಲ.

ಕಿಟಕಿ ಮೇಲಿನ ಸಜ್ಜಾಗಳನ್ನು ಕೆಳಗಿನಿಂದ ನೋಡಿ. ಸಿಮೆಂಟ್ ಉದುರಿ ಕಂಬಿ ಕಾಣುತ್ತಿದ್ದರೆ ಅದನ್ನು ಬರೀ ಗಾರೆಯಿಂದ ಮೆತ್ತಬೇಡಿ. ತುಕ್ಕು ಉಜ್ಜಿ, ತುಕ್ಕು ನಿರೋಧಕ ಹಚ್ಚಿ, ಆಮೇಲೆ ಗಾರೆ. ನಾವು ಮೊದಲು ಕಣ್ಣು ಹಾಯಿಸುವ ಜಾಗ ಅದು.

ಇದಾದ ಮೇಲೆ ತಾರಸಿಗೆ ಸುಣ್ಣ ಹೊಡೆಸಿ. ಕೂಲ್ ರೂಫ್ ಅಂತ ದುಬಾರಿ ಪೇಂಟ್‌ಗಳಿವೆ, ಮಾರುವ ಮನೆಗೆ ಅದು ಬೇಡ. ಬಿಳಿ ಸುಣ್ಣಕ್ಕೆ ಸ್ವಲ್ಪ ಫೆವಿಕಾಲ್ ಕಲೆಸಿ ಎರಡು ಸಲ ಬಳಿದರೆ ಬಿಸಿಲನ್ನು ವಾಪಸ್ ಕಳಿಸುತ್ತದೆ, ಕೆಳಗಿನ ಕೋಣೆಯಲ್ಲಿ ನಿಂತವರಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಒಂದು ಮಳೆಗಾಲದಲ್ಲಿ ತೊಳೆದುಹೋಗುತ್ತದೆ ಅನ್ನಿ, ಆದರೆ ಈಗ ಬೇಕಾಗಿರುವುದು ಈ ಬೇಸಿಗೆಗೆ ತಾನೆ?

ಪೇಂಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಳಗೆ ತಿಳಿ ಬಣ್ಣ ಒಂದೇ ಕೋಟ್, ಹೊರಗೆ ಗೇಟು ಮತ್ತು ಮುಂದಿನ ಗೋಡೆ ಮಾತ್ರ. ಉಪ್ಪು ಬಂದ ಗೋಡೆಗೆ ಪುಟ್ಟಿ ಬೇಡವೇ ಬೇಡ, ಗಾರೆ ಕೆರೆದು ಉಸಿರಾಡಲು ಬಿಡಿ. ನೆಲ ರೆಡ್ ಆಕ್ಸೈಡ್ ಆಗಿದ್ದರೆ ಸೋಪಿನ ನೀರಲ್ಲಿ ಉಜ್ಜಿ, ಆರಿದ ಮೇಲೆ ಕೊಬ್ಬರಿ ಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಮತ್ತೆ ಒಣ ಬಟ್ಟೆಯಿಂದ ತಿಕ್ಕಿ. ನಿಮ್ಮಮ್ಮನಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಗಿರಗಿರ ಅಂತ ನಿಧಾನ ತಿರುಗುವ ಫ್ಯಾನ್‌ಗೆ ಕೆಪಾಸಿಟರ್ ಬದಲಾಯಿಸಿ, ನೂರಿನ್ನೂರು ರೂಪಾಯಿ ಕೆಲಸ. ಸೆಕೆಯಲ್ಲಿ ಬಂದವರು ಸ್ವಿಚ್ ಹಾಕಿದ ತಕ್ಷಣ ಗಾಳಿ ಬಂದರೆ ಇನ್ನೂ ಐದು ನಿಮಿಷ ನಿಲ್ಲುತ್ತಾರೆ. ಸೆಸ್ಕ್ ಬಿಲ್ ಬಾಕಿ ಇದ್ದು ಕರೆಂಟ್ ಕಟ್ ಆಗಿದೆಯೇ ಅಂತ ಮೊದಲೇ ನೋಡಿಕೊಳ್ಳಿ, ಬೀಗ ಹಾಕಿದ ಮನೆಗಳಲ್ಲಿ ಇದು ಮಾಮೂಲು.

ತೋರಿಸುವ ಹೊತ್ತು ಬೆಳಿಗ್ಗೆ ಹತ್ತರೊಳಗೆ, ಇಲ್ಲವೇ ಸಂಜೆ ಐದರಿಂದ ಆರೂವರೆ. ಬೆಳಿಗ್ಗೆ ಆರಕ್ಕೆ ಎಲ್ಲ ಕಿಟಕಿ ತೆಗೆದು ತಣ್ಣನೆ ಗಾಳಿ ತುಂಬಿಸಿ, ಬಿಸಿಲೇರುವ ಮೊದಲು ಪಶ್ಚಿಮದ ಕಿಟಕಿ ಮುಚ್ಚಿ ಪರದೆ ಎಳೆಯಿರಿ. ಯಾರಾದರೂ ‘ಮಧ್ಯಾಹ್ನ ಮೂರಕ್ಕೇ ಬರುತ್ತೇವೆ’ ಅಂದರೆ ಬೇಡ ಅನ್ನಬೇಡಿ. ಅವರು ನಿಜವಾಗಿ ಕೊಳ್ಳುವವರು, ಸೆಕೆ ಎಷ್ಟು ಅಂತ ಪರೀಕ್ಷೆ ಮಾಡಲು ಬರುತ್ತಿದ್ದಾರೆ.

ಇಷ್ಟೆಲ್ಲ ಸೇರಿ ಖರ್ಚು ಲಕ್ಷ, ಲಕ್ಷದ ಇಪ್ಪತ್ತು ಸಾವಿರದೊಳಗೆ ಮುಗಿಯಬೇಕು. ಉಳಿದ ಶಕ್ತಿಯೆಲ್ಲ ಕಾಗದಕ್ಕೆ ಇಡಿ. ನಿಮ್ಮ ಮನೆ ಮಾರಾಟ ತಡವಾದರೆ ಅದು ಬಿಸಿಲಿಂದ ಆಗುವುದಿಲ್ಲ, ಕಾಗದದಿಂದ ಆಗುತ್ತದೆ.

ಅಪ್ಪನ ಬೀರು ತೆಗೆದು ಸೈಟಿನ ಮೂಲಪತ್ರ ಹುಡುಕಿ. ಮೂಡಾ, ಅಂದರೆ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ, ಶುರುವಾದದ್ದು 1988ರಲ್ಲಿ. ಅದಕ್ಕೆ ಮೊದಲು ಹಂಚಿದ ಸೈಟುಗಳ ಪತ್ರದಲ್ಲಿ ಅದರ ಹಿಂದಿನ ಸಂಸ್ಥೆಯ ಹೆಸರು, ಸಿಐಟಿಬಿ ಅಂತ ಇರುತ್ತದೆ, ಗಾಬರಿಯಾಗಬೇಡಿ. ಗಾಬರಿಯಾಗಬೇಕಾದ್ದು ಬೇರೆ ಇದೆ. ಆಗ ಎಷ್ಟೋ ಸೈಟು ಕೊಡುತ್ತಿದ್ದದ್ದು ಲೀಸ್-ಕಂ-ಸೇಲ್ ಕರಾರಿನ ಮೇಲೆ, ಅಂದರೆ ಮೊದಲು ಗುತ್ತಿಗೆ, ಆಮೇಲೆ ಕ್ರಯ. ವರ್ಷಗಳು ಕಳೆದ ಮೇಲೆ ಮತ್ತೆ ಹೋಗಿ ಶುದ್ಧ ಕ್ರಯಪತ್ರ ಮಾಡಿಸಿಕೊಳ್ಳಬೇಕಿತ್ತು. ಎಷ್ಟೋ ಜನ ಹೋಗಲೇ ಇಲ್ಲ. ಅಪ್ಪನ ಕಡತದಲ್ಲಿ ಕ್ರಯಪತ್ರ ಇಲ್ಲದೆ ಬರೀ ಕರಾರು, ಸ್ವಾಧೀನ ಪತ್ರ ಇದ್ದರೆ, ಪೇಂಟರ್‌ಗೆ ಫೋನ್ ಮಾಡುವ ಮೊದಲು ವಕೀಲರಿಗೆ ಮಾಡಿ.

ಮನೆ ಅಪ್ಪನ ಸ್ವಂತ ಸಂಪಾದನೆ, ವಿಲ್ ಇಲ್ಲ ಅಂದಮೇಲೆ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಅಮ್ಮ, ಅಣ್ಣ, ಅಕ್ಕ, ನೀವು, ನಾಲ್ವರಿಗೂ ಸಮ ಪಾಲು. ‘ಹೆಣ್ಣುಮಕ್ಕಳಿಗೆ ಮದುವೆಯಲ್ಲಿ ಕೊಟ್ಟಾಗಿದೆ’ ಅನ್ನುವ ಮಾತು ಕಾಗದದಲ್ಲಿ ನಡೆಯುವುದಿಲ್ಲ. ಎಲ್ಲರೂ ಮರೆಯುವ ಒಬ್ಬರಿದ್ದಾರೆ. ಅಪ್ಪ ತೀರಿಕೊಂಡಾಗ ಅವರ ತಾಯಿ, ಅಂದರೆ ನಿಮ್ಮಜ್ಜಿ, ಬದುಕಿದ್ದರಾ? ಇದ್ದಿದ್ದರೆ ಅವರಿಗೂ ಒಂದು ಸಮ ಪಾಲು, ಆಗ ಐದು ಪಾಲಾಗುತ್ತದೆ. ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟು ಖಾತೆಯನ್ನು ಎಲ್ಲರ ಹೆಸರಿಗೆ ಮಾಡಿಸಿಕೊಳ್ಳಿ, ಇ-ಖಾತಾ ತೆಗೆಸಿ. ಅದಿಲ್ಲದೆ ಈಗ ನೋಂದಣಿ ಮುಂದಕ್ಕೆ ಹೋಗುವುದಿಲ್ಲ. ಪಾಲಿಕೆ ತೆರಿಗೆಯನ್ನು ಏಪ್ರಿಲ್‌ನಲ್ಲೇ ಕಟ್ಟಿಬಿಡಿ, ಶೇ. 5 ರಿಯಾಯಿತಿಯೂ ಸಿಗುತ್ತದೆ, ಹೊಸ ರಸೀದಿಯೂ ಕೈಯಲ್ಲಿರುತ್ತದೆ. ಅಕ್ಕನಿಂದ ಪವರ್ ಆಫ್ ಅಟಾರ್ನಿ ತರಿಸುವ ಯೋಚನೆ ಇದ್ದರೆ ಬಿಡಿ. ಕೊಳ್ಳುವವರ ಬ್ಯಾಂಕು ಮೂಗು ಮುರಿಯುತ್ತದೆ. ನೋಂದಣಿ ಇಲಾಖೆಯ ಕಾವೇರಿ 2.0 ವೆಬ್‌ಸೈಟಿನಲ್ಲಿ ಪತ್ರದ ಕರಡು ಮೊದಲೇ ಹಾಕಿ ಒಪ್ಪಿಗೆ ಪಡೆದು ದಿನ, ಹೊತ್ತು ಗೊತ್ತುಮಾಡಿಕೊಳ್ಳಬಹುದು, ಅಕ್ಕ ಆ ಒಂದು ದಿನಕ್ಕೆ ಬಂದು ಹೋದರೆ ಸಾಕು.

ಬೆಲೆ ಮಾತಾಡುವಾಗ ಇದೊಂದು ನೆನಪಿರಲಿ. 2025ರ ಆಗಸ್ಟ್ ಕೊನೆಯಲ್ಲಿ ನೋಂದಣಿ ಶುಲ್ಕ ಶೇ. 1ರಿಂದ 2ಕ್ಕೆ ಏರಿತು. ಮುದ್ರಾಂಕ ಶುಲ್ಕ, ಸೆಸ್ ಎಲ್ಲ ಸೇರಿ ನಗರದಲ್ಲಿ ಶೇ. 7.6 ಆಗುತ್ತದೆ. ಕಟ್ಟುವವರು ಕೊಳ್ಳುವವರೇ, ಆದರೆ ಅವರು ಅದನ್ನು ನಿಮ್ಮ ಬೆಲೆಯಿಂದಲೇ ಕಳೆಯಲು ನೋಡುತ್ತಾರೆ. ಆ ನೆಪದಲ್ಲಿ ‘ಸರ್ಕಾರದ ಮಾರ್ಗಸೂಚಿ ದರಕ್ಕಷ್ಟೇ ಪತ್ರ, ಉಳಿದದ್ದು ಕ್ಯಾಶ್’ ಅಂದರೆ ನಗುತ್ತಾ ಬೇಡ ಅನ್ನಿ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಮುಟ್ಟಿತೆಂದರೆ ನಗದು ತೆಗೆದುಕೊಳ್ಳುವ ಹಾಗೇ ಇಲ್ಲ, ದಂಡ ಬೀಳುವುದು ತೆಗೆದುಕೊಂಡವರ ಮೇಲೆ.

ಲಾಭದ ಮೇಲಿನ ತೆರಿಗೆಗೆ ಒಬ್ಬ ಆಡಿಟರ್ ಹತ್ತಿರ ಕೂತು ಲೆಕ್ಕ ಹಾಕಿಸಿ. ನಾಲ್ವರದ್ದೂ ಬೇರೆ ಬೇರೆ ಲೆಕ್ಕ. ಅಪ್ಪ ಕಟ್ಟಿದ ಕಾಲದ ಖರ್ಚಿನ ಬದಲು 2001ರ ಏಪ್ರಿಲ್ 1ರಂದು ಇದ್ದ ಬೆಲೆ ಹಿಡಿಯಲು ಅವಕಾಶ ಇದೆ, ಅದರಿಂದ ಲಾಭ ಕಡಿಮೆ ಕಾಣುತ್ತದೆ. ಅಮ್ಮನ ಪಾಲಿನ ಲಾಭದಿಂದ ಎರಡು ವರ್ಷದೊಳಗೆ ಬೇರೆ ಮನೆ ಕೊಂಡರೂ ವಿನಾಯಿತಿ ಇದೆ. ಬ್ರೋಕರ್ ಹೇಳಿದ ಪೇಂಟಿನ ಖರ್ಚು ಈ ಲೆಕ್ಕಕ್ಕೂ ಬರುವುದಿಲ್ಲ, ಅದು ಬರೀ ರಿಪೇರಿ.

ಕೊನೆಗೆ ಅಮ್ಮನ ವಿಷಯ. ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರು ಶೇ. 1 ತೆರಿಗೆ ಹಿಡಿದು ನಿಮ್ಮ ನಿಮ್ಮ ಪ್ಯಾನ್‌ಗೆ ಕಟ್ಟುತ್ತಾರೆ. ಯಾರ ಪ್ಯಾನ್ ಆಧಾರ್‌ಗೆ ಜೋಡಣೆಯಾಗದೆ ನಿಂತುಹೋಗಿದೆಯೋ ಅವರ ಪಾಲಿಗೆ ಹಿಡಿಯುವುದು ಶೇ. 20. ವಯಸ್ಸಾದ ತಾಯಂದಿರ ಪ್ಯಾನೇ ಸಾಮಾನ್ಯವಾಗಿ ಹೀಗಿರುತ್ತದೆ, ಇವತ್ತೇ ನೋಡಿ. ಹಾಗೆಯೇ ಅಮ್ಮನ ಬೆರಳಚ್ಚು. ಜೀವನವಿಡೀ ಪಾತ್ರೆ ಉಜ್ಜಿದ ಕೈಗಳ ಗೆರೆ ಸವೆದು ನೋಂದಣಿ ಕಚೇರಿಯ ಬೆರಳಚ್ಚು ಯಂತ್ರಕ್ಕೆ ಕಾಣುವುದೇ ಇಲ್ಲ. ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಬಯೊಮೆಟ್ರಿಕ್ ಹೊಸದಾಗಿ ಕೊಡಿಸಿ, ಆಧಾರ್‌ನಲ್ಲಿರುವ ಮೊಬೈಲ್ ನಂಬರ್ ಈಗಲೂ ಚಾಲ್ತಿಯಲ್ಲಿದೆಯಾ ಅಂತ ಖಾತ್ರಿ ಮಾಡಿಕೊಳ್ಳಿ. ಎಷ್ಟೋ ಮನೆಗಳಲ್ಲಿ ಅದು ತೀರಿಕೊಂಡ ಯಜಮಾನರ ಹಳೆಯ ನಂಬರೇ ಆಗಿರುತ್ತದೆ, ಒಟಿಪಿ ಅಲ್ಲಿಗೇ ಹೋಗುತ್ತಿರುತ್ತದೆ.